ಅತ್ತೆಯನ್ನು ನಡೆಸಿದ ಭಾನುವಾರ

ನಮ್ಮತ್ತೆ ಎಂಟು ವರ್ಷದಿಂದ ಶಾಲೆಯ ಮಕ್ಕಳಿಗೆ ಬೆಂಗಳೂರಿನ ಕೋಟೆಯ ಪಾಠ ಹೇಳುತ್ತಿದ್ದಳು. ಆ ಕೋಟೆ ಚಾಮರಾಜಪೇಟೆಯ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಒಂದು ದಿನವೂ ಅವಳು ಅದರೊಳಗೆ ಕಾಲಿಟ್ಟಿರಲಿಲ್ಲ. ನಗಬೇಡಿ. ನೀವು ಬೆಂಗಳೂರಿನವರಾದರೆ ನಿಮ್ಮ ಕಥೆಯೂ ಇಷ್ಟೇ. ಮಾರ್ಕೆಟ್ಟಿನಿಂದ ಸೊಪ್ಪು ತರಲು ವಾರಕ್ಕೆರಡು ಸಲ ಆ ಗೋಡೆಯ ಪಕ್ಕದಲ್ಲೇ ಹೋಗುತ್ತಿದ್ದೆವು, ತಲೆಯೆತ್ತಿ ನೋಡಿದವರು ಯಾರು? ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಅತ್ತೆ ಎಂದರೆ ಅಪ್ಪನ ತಂಗಿ. ಎಪ್ಪತ್ತರ ದಶಕದ ಕೊನೆಯ ಆ ವರ್ಷ ಅವಳಿಗೆ ಮೂವತ್ತು, ನನಗೆ ಹತ್ತು. ಅಜ್ಜ ಅಜ್ಜಿ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಳು. ಚಿಕ್ಕವಳಿದ್ದಾಗ ಊರಲ್ಲಿ ಸೀಬೆ ಮರದಿಂದ ಬಿದ್ದು ಬಲಗಾಲಿನ ಹರಡು ಮುರಿದಿತ್ತಂತೆ. ನಾಟಿ ವೈದ್ಯ ಕಟ್ಟು ಹಾಕಿದ. ಮೂಳೆ ಕೂಡಿಕೊಂಡಿತು, ಆದರೆ ಸ್ವಲ್ಪ ಓರೆಯಾಗಿ. ಮಾಮೂಲಿನಂತೆ ಓಡಾಡುವಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಕಾಲನ್ನೇ ನೋಡುತ್ತಿದ್ದಾರೆ ಎಂದು ತಿಳಿದರೆ ಮಾತ್ರ ಆ ಕಾಲು ಕೈಕೊಡುತ್ತಿತ್ತು. ಹೆಣ್ಣು ನೋಡಲು ಬಂದವರೆಲ್ಲ ಕೇಸರಿಬಾತು ತಿಂದು, ಕಾಫಿ ಕುಡಿದು, ಬಾಯಿ ಒರೆಸಿಕೊಂಡು ಹೇಳುತ್ತಿದ್ದದ್ದು ಒಂದೇ ಮಾತು: "ಸ್ವಲ್ಪ ಆ ಬಾಗಿಲ ತನಕ ನಡೆದು ಬಾಮ್ಮ." ಅತ್ತೆ ಎದ್ದು ನಡೆಯುವಳು, ಕಾಲು ಎಳೆಯುವುದು, ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಏಳು ಸಲ ಹೀಗಾಯಿತು. ಏಳನೆಯವರು ಹೋದ ಮೇಲೆ ಅತ್ತೆ ಕಾಫಿ ಲೋಟಗಳನ್ನು ತೊಳೆದು ಬೋರಲು ಹಾಕಿ ಬಂದು, "ಅಣ್ಣ, ಇನ್ನು ಯಾರ ಮುಂದೆನೂ ನಾನು ನಡೆಯಲ್ಲ. ಇನ್ನೊಂದು ಸಲ ಕರೆಸಿದ್ರೆ ಮೈಸೂರಿಗೆ ವರ್ಗ ಮಾಡಿಸ್ಕೊಂಡು ಹಾಸ್ಟೆಲ್ ಸೇರ್ತೀನಿ" ಎಂದಳು. ಅತ್ತೆ ಹೆದರಿಸಲು ಮಾತಾಡುವವಳಲ್ಲ. ಹೇಳಿದರೆ ಮಾಡಿದ ಹಾಗೆಯೇ.

ಅಪ್ಪ ಒಂದು ವರ್ಷ ಸುಮ್ಮನಿದ್ದರು. ಆಮೇಲೆ ಅವರ ಆಫೀಸಿನವರೊಬ್ಬರು ಒಂದು ಸಂಬಂಧ ಹೇಳಿದರು. ಹುಡುಗ ಅಂಚೆ ಇಲಾಖೆಯಲ್ಲಿ ಕೆಲಸ, ಮೂವತ್ತೈದು ವಯಸ್ಸು, ಮನೆಯಲ್ಲಿ ತಾಯಿ ಒಬ್ಬರೇ. ಆ ತಾಯಿಯ ಕಿವಿಗೆ ಕಾಲಿನ ಸುದ್ದಿ ಆಗಲೇ ಉಪ್ಪು ಖಾರ ಹಚ್ಚಿಕೊಂಡು ತಲುಪಿತ್ತು. ಅಪ್ಪ ರಾತ್ರಿ ಹಗಲು ಯೋಚನೆ ಮಾಡಿ ಒಂದು ಉಪಾಯ ಹೂಡಿದರು. ಅದನ್ನು ನೆನೆದರೆ ನನಗೆ ಈಗಲೂ ಅಪ್ಪನ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಎನ್ನುತ್ತದೆ. ಯಾರೋ ನೋಡುತ್ತಿದ್ದಾರೆ ಎಂದು ತಿಳಿಯದೆ ನಡೆದರೆ ತಂಗಿ ಕುಂಟುವುದಿಲ್ಲವಲ್ಲ? ಹಾಗಾದರೆ ಒಂದು ಇಡೀ ದಿನ ಊರೆಲ್ಲ ನಡೆಸಿಬಿಡೋಣ. ಹುಡುಗ ಮತ್ತು ತಾಯಿ ಹಿಂದಿನಿಂದ ಬರಲಿ, ಕಣ್ಣು ತುಂಬ ನೋಡಿಕೊಳ್ಳಲಿ.

ನನ್ನನ್ನು ಮೂಲೆ ಅಂಗಡಿಯ ಹತ್ತಿರ ಕರೆದುಕೊಂಡು ಹೋಗಿ ಅಪ್ಪ ಗುಟ್ಟು ಹೇಳಿದರು. "ನೀನು ಅತ್ತೆ ಜೊತೆನೇ ಇರ್ಬೇಕು. ಏನಾದ್ರೂ ಪ್ರಶ್ನೆ ಕೇಳ್ತಾನೇ ಇರು. ಮಾತಾಡ್ತಾ ಇದ್ರೆ ಅವಳಿಗೆ ಕಾಲಿನ ನೆನಪೇ ಇರಲ್ಲ. ಬಾಯಿ ಬಿಟ್ಟೆಯೋ, ನೋಡು ಮತ್ತೆ!" ನಾನು ಹುಟ್ಟು ಬಾಯಿಬಡುಕಿ, ಒಂದು ಮಾತು ಒಂದು ದಿನ ಹೊಟ್ಟೆಯಲ್ಲಿ ನಿಂತದ್ದಿಲ್ಲ. ಆದರೆ ದೊಡ್ಡವರ ಗುಟ್ಟಿನಲ್ಲಿ ನನಗೂ ಒಂದು ಪಾಲು ಸಿಕ್ಕಿತೆಂಬ ಜಂಬ ಬಾಯಿ ಮುಚ್ಚಿಸಿತು.

ಊರು ನೋಡೋಣ ಎಂದಾಗ ಅತ್ತೆಯ ಮುಖ ನೋಡಬೇಕಿತ್ತು. ಒಂದು ವಾರ ಕೂತು ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದಳು. ಕೋಟೆ, ಸುಲ್ತಾನರ ಬೇಸಿಗೆ ಅರಮನೆ, ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರ, ದೊಡ್ಡ ಬಸವಣ್ಣ, ಗವಿಪುರದ ಗುಹೆಯ ದೇವಸ್ಥಾನ, ಕೊನೆಗೆ ಕೆಂಪಾಂಬುಧಿ ಕೆರೆಯ ಹತ್ತಿರದ ಇನ್ನೊಂದು ಗೋಪುರ. "ಆಟೋ ಬೇಡ, ಬಸ್ಸೂ ಬೇಡ ಅಣ್ಣ. ಹಿಂದಿನವರು ಹೆಂಗೆ ನೋಡಿದ್ರೋ ಹಂಗೇ ನಡ್ಕೊಂಡು ನೋಡೋಣ" ಎಂದು ಅವಳೇ ಹೇಳಿದಳು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹಳ್ಳ ತೋಡುವ ಕೆಲಸವೂ ಅವರಿಗೆ ಉಳಿಯಲಿಲ್ಲ, ಬೀಳುವವಳೇ ತೋಡಿಕೊಟ್ಟಿದ್ದಳು.

ಸಂಕ್ರಾಂತಿ ಕಳೆದ ಮರು ಭಾನುವಾರ ಹೊರಟೆವು. ಅಪ್ಪ, ಅಮ್ಮ, ಅತ್ತೆ, ನಾನು. ಅಮ್ಮನ ಕೈಯಲ್ಲಿ ಚಿತ್ರಾನ್ನ, ಮೊಸರನ್ನದ ಬುತ್ತಿ. ಅಪ್ಪನಿಗೆ ಇನ್ನೊಂದು ಹೊರೆ ಇತ್ತು, ಅದು ಕಣ್ಣಿಗೆ ಕಾಣುವಂಥದ್ದಲ್ಲ: ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಹುಡುಗನ ತಾಯಿ ಅತ್ತೆಯನ್ನು ಸರಿಯಾಗಿ ನೋಡಿ ಮುಗಿಸಿರಬೇಕು. ಅದಕ್ಕೆ ಅವರು ಐದು ನಿಮಿಷಕ್ಕೊಮ್ಮೆ ವಾಚು ನೋಡಿಕೊಳ್ಳುತ್ತಿದ್ದರು.

ಕೋಟೆಯ ಬಾಗಿಲಲ್ಲೇ ಅವರಿಬ್ಬರೂ ನಿಂತಿದ್ದರು. ಗುರುತಿಗೆ ತಾಯಿಯ ಕೈಯಲ್ಲಿ ಕಪ್ಪು ಕೊಡೆ, ಜನವರಿಯ ಆ ಬಿಸಿಲಿಗೆ! ಸ್ವಲ್ಪ ದಪ್ಪ ಹೆಂಗಸು, ಮುಖದಲ್ಲಿ ಆಗಲೇ ಬೆವರು. ಹುಡುಗ ಎತ್ತರ, ಕನ್ನಡಕ, ಬಿಳಿ ಷರಟು. ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ಬಾಗಿಲಿನ ಕಬ್ಬಿಣದ ಮೊಳೆಗಳನ್ನು ನೋಡುತ್ತಿದ್ದ. ನಾನು ಕೆಲಸ ಶುರು ಮಾಡಿದೆ. "ಅತ್ತೆ, ಬಾಗಿಲಿಗೆ ಇಷ್ಟು ದಪ್ಪ ಮೊಳೆ ಯಾಕೆ?"

"ಆನೆ ಬಂದು ತಲೆಯಿಂದ ಗುದ್ದಬಾರದು ಅಂತ. ಪಾಠದಲ್ಲಿ ಒಂದು ಸಾಲು ಇದೆ ಅಷ್ಟೇ. ಎಷ್ಟು ಎತ್ತರಕ್ಕೆ ಹೊಡೆದಿದಾರೆ ನೋಡು, ಆನೆಯ ತಲೆ ಎಲ್ಲಿ ಬರುತ್ತೆ ಹೇಳು?" ಎಂದು ಅತ್ತೆ ಬಾಗಿಲ ಹತ್ತಿರ ಹೋಗಿ ಕೈಯೆತ್ತಿ ಅಳೆದಳು. ಅಲ್ಲಿಂದ ಗೋಡೆಯ ಕೆತ್ತನೆಗೆ, ಅಲ್ಲಿಂದ ಒಳಗಿನ ಸಣ್ಣ ಗುಡಿಗೆ, ಅಲ್ಲಿಂದ ಇನ್ನೆಲ್ಲಿಗೋ. ಅಪ್ಪ ಲೆಕ್ಕ ಹಾಕಿದ್ದು ನಿಧಾನವಾಗಿ ನಡೆಯುವ ಹೆಣ್ಣುಮಗಳನ್ನು. ಬಂದದ್ದು ಬಿಟ್ಟ ಬಾಣ. ಕೊಡೆಯ ಹೆಂಗಸು ಗುಡಿಯ ಹತ್ತಿರ ಬರುವಷ್ಟರಲ್ಲಿ ಅತ್ತೆ ಹೊರಗೆ, ಅವರು ಹೊರಗೆ ಬರುವಷ್ಟರಲ್ಲಿ ನಾವು ಅರಮನೆಯ ಮರದ ಕಂಬಗಳ ನಡುವೆ. ಅರಮನೆಯಲ್ಲಿ ಅತ್ತೆ ಕಂಬಕ್ಕೆ ಮೂಗು ತಾಗಿಸಿ ವಾಸನೆ ನೋಡಿದಳು. ಸಾಗುವಾನಿಯೋ ಅಲ್ಲವೋ ತಿಳಿಯಬೇಕಂತೆ. ಕಾವಲುಗಾರ ನಮ್ಮನ್ನೇ ದುರುಗುಟ್ಟಿಕೊಂಡು ನೋಡಿದ.

ಲಾಲ್‌ಬಾಗಿನಲ್ಲಿ ಬಂಡೆ ಹತ್ತಬೇಕಾಯಿತು. ಇಳಿಜಾರಿನ ಬಂಡೆ, ಅತ್ತೆಯ ಕಾಲು, ನಾನು ಅಪ್ಪನ ಮುಖ ನೋಡಿದೆ. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು ಸರಸರ ಹತ್ತಿದಳು. ಮೇಲೆ ನಾಲ್ಕು ಕಂಬದ ಪುಟ್ಟ ಗೋಪುರ. ನಾನು ಇನ್ನೂ ದೊಡ್ಡದಿರುತ್ತದೆ ಎಂದುಕೊಂಡಿದ್ದೆ. ನಮ್ಮ ಬೀದಿಯ ನೀರಿನ ಟ್ಯಾಂಕೇ ಇದಕ್ಕಿಂತ ಎತ್ತರ. ಅತ್ತೆಗೂ ಹಾಗೇ ಅನ್ನಿಸಿರಬೇಕು. ಅದರ ಸುತ್ತ ಎರಡು ಸಲ ಬಂದು, "ಇಷ್ಟೇನಾ! ಎಂಟು ವರ್ಷದಿಂದ ಮಕ್ಕಳ ಹತ್ರ ಇದನ್ನ ಬೋರ್ಡ್ ತುಂಬ ಬರೆಸ್ತಿದೀನಿ" ಎಂದು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಊರು ಕಟ್ಟಿಸಿದವರು ನಾಲ್ಕು ದಿಕ್ಕಿಗೆ ಇಂಥ ಗೋಪುರ ಇಟ್ಟು, ಊರು ಇದನ್ನ ದಾಟಿ ಬೆಳೀಬಾರದು ಅಂದ್ರಂತೆ" ಎಂದು ಆಮೇಲೆ ದೂರದ ಮನೆಗಳ ಕಡೆ ಕೈ ತೋರಿಸಿದಳು. "ನೋಡು, ದಾಟಿ ಎಲ್ಲೆಲ್ಲಿಗೋ ಹೋಗಿದೆ."

"ದಾಟಿದ್ರೆ ಏನಾಗುತ್ತೆ ಅತ್ತೆ?" ಎಂದೆ. ಇದು ಅಪ್ಪ ಹೇಳಿದ್ದಕ್ಕೆ ಕೇಳಿದ ಪ್ರಶ್ನೆಯೋ, ನನ್ನದೇ ಪ್ರಶ್ನೆಯೋ, ಆಗಲೇ ಗೊತ್ತಾಗದ ಹಾಗಾಗಿತ್ತು. ಬೆಳಗ್ಗೆ ಸುಳ್ಳಿಗೆ ಕೇಳಲು ಶುರು ಮಾಡಿದ್ದು, ಬಂಡೆ ಹತ್ತುವ ಹೊತ್ತಿಗೆ ನನಗೇ ತಿಳಿದುಕೊಳ್ಳುವ ಹುಚ್ಚು ಹಿಡಿದಿತ್ತು. ಕೆಳಗೆ ಬಂಡೆಯ ಬುಡದಲ್ಲಿ ಕೊಡೆ ಬಿಚ್ಚಿಕೊಂಡು ಆ ತಾಯಿ ಕೂತುಬಿಟ್ಟಿದ್ದರು. ಮಗ ಮಾತ್ರ ಅರ್ಧ ಬಂಡೆ ಹತ್ತಿ, ನಮ್ಮ ಮಾತು ಕೇಳಿಸುವಷ್ಟು ದೂರದಲ್ಲಿ ಮರ ನೋಡುವವನಂತೆ ನಿಂತಿದ್ದ.

ಹನ್ನೊಂದೂವರೆಗೆ ದೊಡ್ಡ ಬಸವಣ್ಣನ ಗುಡಿ. ಅಪ್ಪನ ಲೆಕ್ಕದಲ್ಲಿ ಇದೇ ಮುಖ್ಯವಾದ ಜಾಗ. ಎಲ್ಲರೂ ಬಸವಣ್ಣನ ಮುಂದೆ ಕೈಮುಗಿದು ನಿಲ್ಲುತ್ತಾರೆ, ತಾಯಿ ಪಕ್ಕದಲ್ಲಿ ನಿಂತು ಮುಖ ನೋಡಿಕೊಳ್ಳಬಹುದು. ಅಯ್ಯೋ, ನಮ್ಮತ್ತೆ ಮುಂದೆ ನಿಲ್ಲುವವಳಾ? ಒಂದು ನಮಸ್ಕಾರ ಹಾಕಿದವಳೇ ಬಸವಣ್ಣನ ಹಿಂದಕ್ಕೆ ಹೋದಳು, ಬಾಲ ನೋಡಲು. ನಾನೂ ಹಿಂದೆಯೇ ಹೋದೆ. ಕಡಲೆಕಾಯಿ ತಿನ್ನಲು ಬಂದ ಬಸವ ಕಲ್ಲಾಗಿ, ಕಲ್ಲಾದ ಮೇಲೂ ಬೆಳೆಯುತ್ತಾ ಹೋಯಿತೆಂದು ಕಥೆಯಿದೆಯಲ್ಲ, "ಈಗಲೂ ಬೆಳೀತಾ ಇದೆಯಾ?" ಎಂದು ಕೇಳಿದೆ. ಅತ್ತೆ ಗೋಡೆಗೂ ಬಸವನ ಬೆನ್ನಿಗೂ ನಡುವೆ ಎಷ್ಟು ಗೇಣು ಎಂದು ಅಳೆಯತೊಡಗಿದಳು. "ಬೆಳೀತಿದ್ರೆ ಗೋಡೆ ಇಷ್ಟೊತ್ತಿಗೆ ಬಿರುಕು ಬಿಡಬೇಕಿತ್ತು." ಅರ್ಚಕರಿಗೆ ರೇಗಿತು. "ಏನಮ್ಮ, ದೇವರನ್ನ ದರ್ಜಿ ಥರ ಅಳೀತಿದೀರಲ್ಲ?" ಮುಂದೆ ಆ ತಾಯಿ ಪ್ರಸಾದಕ್ಕೆ ಕೈ ಚಾಚಿ ಅತ್ತ ಇತ್ತ ಹುಡುಕುತ್ತಿದ್ದರು. ಅಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು.

ಪಕ್ಕದ ಬ್ಯೂಗಲ್ ರಾಕಿನ ಮರದ ನೆರಳಿನಲ್ಲಿ ಊಟಕ್ಕೆ ಕೂತೆವು. ಸ್ವಲ್ಪ ದೂರದಲ್ಲಿ ಅವರಿಬ್ಬರೂ ಬರಿಗೈಯಲ್ಲಿ ಕೂತಿದ್ದರು. ಅಮ್ಮ ಮತ್ತೆ ಮತ್ತೆ ಆ ಕಡೆಗೇ ನೋಡುತ್ತಿದ್ದರು. ಅತ್ತೆ ಬೇಗ ತಿಂದು ಬಂಡೆಯ ಮೇಲಿನಿಂದ ಊರು ನೋಡಲು ಹೋದದ್ದೇ ತಡ, ಅಮ್ಮ ಎರಡು ಎಲೆಗೆ ಚಿತ್ರಾನ್ನ ಹಾಕಿ ನನ್ನ ಕೈಗೆ ಕೊಟ್ಟರು. "ಕೊಟ್ಟು ಬಾರೆ. ಬೀಗರಾಗ್ತಾರೋ ಬಿಡ್ತಾರೋ, ಎದುರಿಗೆ ಹಸಿದು ಕೂತಿರೋರನ್ನ ಬಿಟ್ಟು ಹೆಂಗೆ ತಿನ್ನೋದು?" ನಾನು ಕೊಟ್ಟೆ. ಆ ತಾಯಿ ಉಸ್ಸಪ್ಪ ಎಂದು ಎಲೆ ತೆಗೆದುಕೊಂಡು, "ನಿಮ್ಮತ್ತೆ ನಡೀತಾಳೋ ಓಡ್ತಾಳೋ? ನನಗೆ ಮುಖಾನೂ ಕಂಡಿಲ್ಲ, ಕಾಲೂ ಕಂಡಿಲ್ಲ. ಬೆಳಗಿನಿಂದ ಸೆರಗು ನೋಡ್ಕೊಂಡು ಬರ್ತಿದೀನಿ" ಎಂದರು. ಮಗ ತಿನ್ನದೆ ನನ್ನನ್ನು ಕೇಳಿದ: "ಲಾಲ್‌ಬಾಗಲ್ಲಿ ಗೋಪುರದ ಹತ್ರ ಅಷ್ಟೊಂದು ನಗ್ತಿದ್ರಲ್ಲ, ಯಾಕೆ?" ನಾನು ಹೇಳಿದೆ. ಅವನೂ ನಕ್ಕ. ನನಗೆ ಅವನು ಅಲ್ಲೇ ಹಿಡಿಸಿಬಿಟ್ಟ.

ಅತ್ತೆ ಬ್ಯೂಗಲ್ ರಾಕಿನ ಒಂದೊಂದು ಬಂಡೆಯನ್ನೂ ಸುತ್ತಿ ಮುಗಿಸಿ ನಾವು ಗವಿಪುರ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಗುಹೆಯ ಬಾಗಿಲು ಇನ್ನೂ ತೆಗೆದಿರಲಿಲ್ಲ, ಅಂಗಳಕ್ಕೆ ಹೋಗಬಹುದಿತ್ತು. ಅಂಗಳದಲ್ಲಿ ಕಲ್ಲಿನ ಕಂಬಗಳ ಮೇಲೆ ಬಂಡಿಯ ಚಕ್ರಕ್ಕಿಂತ ದೊಡ್ಡ ಎರಡು ಕಲ್ಲಿನ ಬಿಲ್ಲೆಗಳು. ಅತ್ತೆ ತಲೆಯೆತ್ತಿ ನಿಂತುಬಿಟ್ಟಳು. ಆ ದಿನ ಮೊದಲ ಸಲ ಒಂದು ಕಡೆ ನಿಂತದ್ದು. ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬಿನ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುತ್ತದೆಂದು ವಿವರಿಸಿದಳು. "ಆ ದಿನ ಮೋಡ ಇದ್ರೆ?" ಎಂದೆ. ಅತ್ತೆ ಉತ್ತರ ಹೇಳುವ ಮೊದಲೇ ಹಿಂದಿನಿಂದ ಒಂದು ಗಂಡು ದನಿ, "ಮೋಡ ಇದ್ರೆ ಇನ್ನೊಂದು ವರ್ಷ ಕಾಯ್ಬೇಕು" ಎಂದಿತು. ಬಿಳಿ ಷರಟಿನವನು.

ಅತ್ತೆ ಅವನನ್ನು ನೋಡಿ ನಕ್ಕಳು. ಪರಸ್ಥಳದಲ್ಲಿ ಸಿಕ್ಕ ಯಾತ್ರಿಕನೊಡನೆ ಮಾತಾಡುವ ಹಾಗೆ ಮಾತಾಡಿದಳು. ಕಂಬವೂ ಬಿಲ್ಲೆಯೂ ಒಂದೇ ಕಲ್ಲೋ, ಬೇರೆ ಮಾಡಿ ಏರಿಸಿದ್ದೋ? ಅವನು ಬೇರೆ ಎಂದ. ಅವಳು ಒಂದೇ ಎಂದಳು. ಇಬ್ಬರೂ ಕಂಬದ ಸುತ್ತ ಹೋಗಿ ಕೂಡಿಸಿದ ಗೆರೆ ಎಲ್ಲಿದೆಯೆಂದು ಹುಡುಕಿದರು. ಅವಳ ಬಲಗಾಲು ದಣಿದು ಸ್ವಲ್ಪ ಎಳೆಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅವನಿಗೂ ಇರಲಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಅಪ್ಪ ಅಮ್ಮನ ಕಡೆ ನೋಡಿದ ನೋಟದಲ್ಲಿ ಮದುವೆಯೇ ಮುಗಿದಿತ್ತು.

ಆಗ ಆ ತಾಯಿ ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದರು. ಗೋಡೆಯ ಕಟ್ಟೆಯ ಮೇಲೆ ಕೂತು, ಕೊಡೆ ಮಡಚಿ, ಅಪ್ಪನ ವಾಚು ನೋಡಿದರು. ಗಂಟೆ ನಾಲ್ಕೂಕಾಲು. ಬೆಳಗಿನಿಂದ ಸುತ್ತಿ ಸುತ್ತಿ ಸೋತ ಹೆಂಗಸು, ರಾಹುಕಾಲ ಬೇರೆ ಹತ್ತಿರ. ಅವರ ಬಾಯಿಂದ ಅಭ್ಯಾಸದ ಮಾತು ಬಂದುಬಿಟ್ಟಿತು. "ನೋಡಮ್ಮ, ಸ್ವಲ್ಪ ಆ ಕಂಬದ ತನಕ ನಡೆದು ಬಾಮ್ಮ."

ಏಳು ಸಲ ಕೇಳಿದ ಮಾತು. ಅತ್ತೆಗೆ ಬೇರೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಕಂಬದ ಮೇಲಿಟ್ಟಿದ್ದ ಕೈ ತೆಗೆದಳು. ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದರು. ಆಮೇಲೆ ಬಿಳಿ ಷರಟಿನವನ ಕಡೆ ತಿರುಗಿ ಕೇಳಿದಳು: "ನೀವೂ ಅದಕ್ಕೇ ಬಂದಿದ್ದಾ?"

ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ಬೆಳಗ್ಗೆ ಅದಕ್ಕೇ ಬಂದೆ" ಎಂದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಕೂತಳು. "ಅಣ್ಣ, ಆಟೋ ಕರಿ. ಇವರ ಎದುರಿಗೆ ನಾನು ಇನ್ನೊಂದು ಹೆಜ್ಜೆನೂ ಇಡಲ್ಲ."

"ನಾನೇನು ಕೇಳಬಾರದ್ದು ಕೇಳಿದೆನಪ್ಪ?" ಎಂದು ಆ ತಾಯಿ ಕಂಗಾಲಾದರು. ಅಮ್ಮ ಅತ್ತೆಯ ಭುಜ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಅಪ್ಪ ಓಡಿಹೋಗಿ ಆಟೋ ತಂದರು. ಮೆಟ್ಟಿಲಿನಿಂದ ಆಟೋಗೆ ಇಪ್ಪತ್ತು ಹೆಜ್ಜೆ. ಅತ್ತೆ ಏಳಲೇ ಇಲ್ಲ. ಆಗ ಅವನು ತಾಯಿಯ ತೋಳು ಹಿಡಿದು, "ಬಾಮ್ಮ, ಆ ಕಡೆ ಕಲ್ಲಿನ ತ್ರಿಶೂಲ ಇದೆಯಂತೆ, ನೋಡೋಣ" ಎಂದು ಅಂಗಳದ ಆ ತುದಿಗೆ ಕರೆದುಕೊಂಡು ಹೋಗಿ ನಮಗೆ ಬೆನ್ನು ಮಾಡಿ ನಿಂತ. ತಾನೂ ತಿರುಗಲಿಲ್ಲ, ತಾಯಿಯನ್ನೂ ತಿರುಗಲು ಬಿಡಲಿಲ್ಲ. ಆಮೇಲೆ ಅತ್ತೆ ಎದ್ದಳು. ತುಂಬ ಕುಂಟಿದಳು.

ಆಟೋದಲ್ಲಿ ನಾನು ಅವಳ ಪಕ್ಕ ಕೂತೆ, ಅಮ್ಮ ಆ ತುದಿಗೆ. ಅಪ್ಪ ನಡೆದುಕೊಂಡು ಬರುತ್ತೇನೆಂದು ಹಿಂದೆ ಉಳಿದರು. ಸ್ವಲ್ಪ ದೂರ ಹೋದ ಮೇಲೆ ಅತ್ತೆ ಕೇಳಿದಳು: "ನಿನಗೆ ಗೊತ್ತಿತ್ತಾ?"

"ಹೂಂ."

"ಬೆಳಗಿನಿಂದ ಅಷ್ಟೊಂದು ಪ್ರಶ್ನೆ ಕೇಳಿದ್ಯಲ್ಲ. ಅದು?"

"ಅಪ್ಪ ಕೇಳು ಅಂದಿದ್ರು. ಆದ್ರೆ ಕೆಲವು ನಿಜವಾಗ್ಲೂ ಕೇಳಿದ್ದು ಅತ್ತೆ."

"ಯಾವುದು?" ಎಂದಳು. ನಾನು ನೆನಪು ಮಾಡಿಕೊಳ್ಳಲು ಹೋದೆ. ಮೋಡದ್ದು ಎನ್ನಲೋ, ಗೋಪುರದ್ದು ಎನ್ನಲೋ? ಅವಳು ತರಗತಿಯಲ್ಲಿ ಉತ್ತರಕ್ಕೆ ಕಾಯುವ ಹಾಗೆ ಕಾದಳು. ನನಗೆ ಅಳು ಬಂತು. ಅವಳು ಮುಖ ಆ ಕಡೆ ತಿರುಗಿಸಿಕೊಂಡಳು.

ಗುರುವಾರ ಅಪ್ಪನ ಆಫೀಸಿನವರು ಸುದ್ದಿ ತಂದರು. ಅವರಿಗೆ ಒಪ್ಪಿಗೆ. ಕಾಲಿನ ಮಾತು ಇನ್ನು ಯಾರೂ ಎತ್ತಬಾರದೆಂದು ಹುಡುಗ ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದಾನಂತೆ. ಎಂಟನೇ ಸಲಕ್ಕೆ ಒಬ್ಬರು ಒಪ್ಪಿದ್ದರು! ಅಪ್ಪ ಷರಟೂ ಬಿಚ್ಚದೆ ಅಡುಗೆಮನೆ ಬಾಗಿಲಿಗೆ ಬಂದು ಹೇಳಿದರು. ಅತ್ತೆ ಹುರುಳಿಕಾಯಿ ಹೆಚ್ಚುತ್ತಿದ್ದಳು. "ಬೇಡ" ಎಂದಳು.

"ಹುಡುಗ ಒಳ್ಳೆಯವನು ಕಣಮ್ಮ."

"ಗೊತ್ತು. ನೀನೂ ಒಳ್ಳೆಯವನೇ. ಅದಕ್ಕೇ ಬೈಯೋಕೂ ಬಾಯಿ ಬರ್ತಿಲ್ಲ." ಅವಳು ಇನ್ನೊಂದು ಹಿಡಿ ಹುರುಳಿಕಾಯಿ ಎತ್ತಿಕೊಂಡಳು. "ಸಂತೇಲಿ ಎತ್ತು ಕೊಳ್ಳೋರು ನಡೆಸಿ ನೋಡ್ತಾರೆ. ಎತ್ತಿಗೂ ಗೊತ್ತಿರುತ್ತೆ ಅಣ್ಣ, ತನ್ನನ್ನ ನಡೆಸ್ತಿದಾರೆ ಅಂತ. ನಾನು ಖುಷಿಯಾಗಿದ್ದೆನಲ್ಲ." ಅಪ್ಪ ಬಾಗಿಲಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡರು. ಅಪ್ಪ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಹುರುಳಿಕಾಯಿ ಮುಗಿಸಿ ಎದ್ದು ಹೋದಳು.

ಮುಂದಿನ ಭಾನುವಾರ ಮಧ್ಯಾಹ್ನ ಅವಳು ಚಪ್ಪಲಿ ಮೆಟ್ಟಿಕೊಂಡಳು. ಕೆಂಪಾಂಬುಧಿ ಗೋಪುರ ನೋಡುವುದು ಬಾಕಿ ಉಳಿದಿದೆ, ಹೋಗಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿದಳು. "ನಾನೂ ಬರ್ಲಾ ಅತ್ತೆ?" ಎಂದೆ. ಈ ಸಲ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಗೋಪುರವನ್ನು ನನಗೂ ನೋಡಬೇಕಿತ್ತು, ನಿಜವಾಗಿಯೂ ನೋಡಬೇಕಿತ್ತು.

"ಬೇಡ" ಎಂದಳು. ಸಿಟ್ಟಿಲ್ಲದ ದನಿಯಲ್ಲೇ ಹೇಳಿದಳು.

ನಾನು ಗೇಟಿನ ತನಕ ಹೋಗಿ ನಿಂತೆ. ಅವಳು ಬೀದಿಯ ಅಂಚು ಹಿಡಿದು ಹೊರಟಳು. ಚೆನ್ನಾಗಿಯೇ ನಡೆಯುತ್ತಿದ್ದಳು. ನಾಲ್ಕನೆಯ ಮನೆ ದಾಟುವಾಗ ಬಲಗಾಲು ಸ್ವಲ್ಪ ಎಳೆಯಿತು. ನನಗೆ ಹಾಗನ್ನಿಸಿತೋ ಏನೋ ಎಂದು ಗೇಟಿನ ಮೇಲೆ ಬಗ್ಗಿ ಅವಳ ಪಾದವನ್ನೇ ದಿಟ್ಟಿಸಿದೆ. ಅವಳು ನಿಂತಳು. ಹಿಂದಿರುಗಿ ನೋಡದೆಯೇ, "ನೋಡ್ಬೇಡ. ಒಳಗೆ ಹೋಗು" ಎಂದಳು.

ನಾನು ಒಳಗೆ ಹೋದೆ.